ಕುಡಿದು ಗಾಡಿ ಓಡಿಸಿದ ಕೇಸು: ಠಾಣೆಯಿಂದ ಕೋರ್ಟಿಗೆ, ಕೋರ್ಟಿನಿಂದ ಆರ್‌ಟಿಒಗೆ

ಉತ್ತರ ಕನ್ನಡದ ಕೋರ್ಟುಗಳಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕೆಲಸ ಮುಗಿದರೂ ಫೋನು ನಿಂತಿಲ್ಲ. ಸೋಮವಾರ ಬೆಳಿಗ್ಗೆ ಬರುವ ಫೋನು ಹೆಚ್ಚಾಗಿ ಒಂದೇ ತರಹದ್ದು: "ಮಾವ, ಶನಿವಾರ ರಾತ್ರಿ ಮಾಜಾಳಿ ಹತ್ರ ಹಿಡಿದ್ರು. ಮಿಷಿನ್ನಲ್ಲಿ ಬಂತು. ಕೋರ್ಟಿಗೆ ಹೋಗ್ಬೇಕಂತೆ. ಎಷ್ಟು ದುಡ್ಡು ತಗೊಂಡು ಹೋಗ್ಲಿ?"

ದುಡ್ಡಿನ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಲೈಸೆನ್ಸಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಎಲ್ಲಿ ವಕೀಲರು ಬೇಕೇ ಬೇಕೋ ಅಲ್ಲಿ ಹೇಳುತ್ತೇನೆ.

ಇಲ್ಲಿ ಹೇಳುವುದೆಲ್ಲ ಯಾರಿಗೂ ಪೆಟ್ಟಾಗದ, ಬರೀ ಕುಡಿದು ಓಡಿಸಿದ ಕೇಸಿನ ಬಗ್ಗೆ. ಅಪಘಾತವಾಗಿ ಯಾರಿಗಾದರೂ ಗಾಯವಾಗಿದ್ದರೆ, ಜೀವ ಹೋಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಬೇರೆ ಕಲಂಗಳು ಸೇರಿಕೊಳ್ಳುತ್ತವೆ. ಆಗ ಲೇಖನ ಓದುತ್ತಾ ಕೂರಬೇಡಿ, ನೇರ ವಕೀಲರ ಹತ್ತಿರ ಹೋಗಿ.

ಮೊದಲು ಕಾನೂನು ಏನು ಹೇಳುತ್ತದೆ

ನಿಮ್ಮ ಮೇಲೆ ಹಾಕುವುದು 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದು, ಗಾಡಿ ಓಡಿಸಿದರೆ ಅಥವಾ ಓಡಿಸಲು ಹೊರಟರೆ ಅಪರಾಧ. ಬುಲೆಟ್ಟಾಗಲಿ, ಸ್ಕೂಟಿಯಾಗಲಿ, ಟಿಪ್ಪರಾಗಲಿ ಮಿತಿ ಒಂದೇ. ಕುಡಿದದ್ದು ವಿಸ್ಕಿಯೋ, ಬಿಯರೋ, ಬೇಸಿಗೆಯಲ್ಲಿ ಗೇರುಹಣ್ಣಿನಿಂದ ಇಳಿಸುವ ಉರಾಕೋ ಎಂದು ಕಾನೂನು ಕೇಳುವುದಿಲ್ಲ. "ಉರಾಕ್ ಅಂದ್ರೆ ಜ್ಯೂಸ್ ಇದ್ದಂಗೆ" ಎಂದವರನ್ನು ನಾನು ನೋಡಿದ್ದೇನೆ. ಮಿಷಿನ್ನಿಗೆ ಹಾಗನ್ನಿಸುವುದಿಲ್ಲ.

ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲದಿಂದ ಎರಡು ವರ್ಷದವರೆಗೆ ಸಜೆ, ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ. 2019ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ಮೊದಲ ಸಲದ ದಂಡ 2,000 ರೂಪಾಯಿವರೆಗೆ ಮಾತ್ರ ಇತ್ತು. ಆ ಹಳೇ ಲೆಕ್ಕವನ್ನೇ ನಂಬಿ ಜೇಬಲ್ಲಿ ಎರಡು ಸಾವಿರ ಇಟ್ಟುಕೊಂಡು ಬರುವವರು ಇನ್ನೂ ಇದ್ದಾರೆ.

ಇನ್ನೊಂದು ಮಾತು. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ಹೋಗುತ್ತೀರಲ್ಲ, ಅದಕ್ಕೆ ರಾಜಿ ದಂಡ ಎನ್ನುತ್ತಾರೆ. ಕೋರ್ಟಿಗೆ ಹೋಗದೆ ಅಲ್ಲೇ ಮುಗಿಸಿಕೊಳ್ಳುವುದು. 185ಕ್ಕೆ ಆ ದಾರಿ ಇಲ್ಲ. ಕೋರ್ಟಿಗೆ ಹೋಗಲೇಬೇಕು. ರಸ್ತೆಯಲ್ಲಿ ಯಾರಾದರೂ "ಇಲ್ಲೇ ಕೊಟ್ಟು ಮುಗಿಸಿ" ಅಂದರೆ ಅದು ದಂಡವಲ್ಲ, ಲಂಚ. ಕೊಟ್ಟರೆ ನೀವೂ ಸಿಕ್ಕಿಬೀಳುತ್ತೀರಿ.

ಹಂತ 1: ರಸ್ತೆಯಲ್ಲಿ, ಠಾಣೆಯಲ್ಲಿ

ಸಮವಸ್ತ್ರದಲ್ಲಿರುವ ಪೊಲೀಸರು ಅನುಮಾನ ಬಂದರೆ ಮಿಷಿನ್ನಿಗೆ ಊದಿಸಬಹುದು. ಆಲ್ಕೋಹಾಲ್ ತೋರಿಸಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಠಾಣೆಗೆ ಹೋದ ಮೇಲೂ ಊದಲು ಅವಕಾಶ ಕೊಡಬೇಕು. ಅಲ್ಲಿಂದ ರಕ್ತ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಹೆಂಗಸರ ರಕ್ತವನ್ನು ಗಂಡಸು ಡಾಕ್ಟರು ತೆಗೆಯುವುದಾದರೆ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರಲೇಬೇಕು.

ಊದದೇ ಇದ್ದರೆ ಸಾಕ್ಷಿಯೇ ಇರುವುದಿಲ್ಲ, ಕೇಸು ನಿಲ್ಲುವುದಿಲ್ಲ ಎಂಬ ನಂಬಿಕೆ ಇದೆ. ತಪ್ಪು. ಸರಿಯಾದ ಕಾರಣವಿಲ್ಲದೆ ಊದಲು ಅಥವಾ ರಕ್ತ ಕೊಡಲು ಒಪ್ಪದಿದ್ದರೆ, ಆ ನಿರಾಕರಣೆಯೇ ಪೊಲೀಸರ ಸಾಕ್ಷಿಗೆ ಬಲ ಕೊಡುತ್ತದೆ ಎಂದು ಕೋರ್ಟು ಭಾವಿಸಬಹುದು. ಕಾಯ್ದೆಯ 205ನೇ ಕಲಂ ಇರುವುದೇ ಇದಕ್ಕೆ.

ನಿಮ್ಮ ಪರವಾಗಿ ಇರುವ ಒಂದು ನಿಯಮವನ್ನೂ ನೆನಪಿಡಿ. 202ನೇ ಕಲಂ ಪ್ರಕಾರ, 185ರಲ್ಲಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ಡಾಕ್ಟರ ಪರೀಕ್ಷೆಗೆ ಒಳಪಡಿಸಬೇಕು. ಇಲ್ಲದಿದ್ದರೆ ಬಿಟ್ಟುಬಿಡಬೇಕು. ಹಿಡಿದದ್ದು ಎಷ್ಟು ಗಂಟೆಗೆ, ಆಸ್ಪತ್ರೆಗೆ ಹೋದದ್ದು ಎಷ್ಟು ಗಂಟೆಗೆ ಎಂದು ಮನೆಗೆ ಬಂದ ಕೂಡಲೇ ಬರೆದಿಡಿ. ನಮ್ಮ ಘಟ್ಟದ ದಾರಿಗಳಲ್ಲಿ ಆಸ್ಪತ್ರೆ ಪಕ್ಕದಲ್ಲೇ ಇರುವುದಿಲ್ಲ, ಹಾಗಾಗಿ ಈ ಸಮಯ ಮುಂದೆ ವಕೀಲರಿಗೆ ಉಪಯೋಗಕ್ಕೆ ಬರಬಹುದು. ಆದರೆ ಎರಡು ಗಂಟೆ ಮೀರಿತು ಎಂದ ಮಾತ್ರಕ್ಕೆ ಕೇಸೇ ಬಿದ್ದುಹೋಯಿತು ಎಂದುಕೊಳ್ಳಬೇಡಿ. ನಿಯಮ ಹೇಳುವುದು ನಿಮ್ಮನ್ನು ಬಿಡುವ ಬಗ್ಗೆ, ಕೇಸು ಬಿಡುವ ಬಗ್ಗೆ ಅಲ್ಲ.

ಯಾಕೆ ಬಂಧಿಸಿದ್ದೇವೆ ಎಂದು ಪೊಲೀಸರು ಹೇಳಬೇಕು. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ನಿಮ್ಮ ಡ್ರೈವಿಂಗ್ ಲೈಸೆನ್ಸನ್ನು ಅವರು ತೆಗೆದುಕೊಂಡು ಆರ್‌ಟಿಒಗೆ ಕಳಿಸುತ್ತಾರೆ. ಆಗ ಕೊಡುವ ರಸೀದಿಯನ್ನು ಮಡಚಿ ಪರ್ಸಿನ ಮೂಲೆಗೆ ತುರುಕಬೇಡಿ. ಹತ್ತನೇ ಹಂತದಲ್ಲಿ ಅದು ಬೇಕು.

ಹಂತ 2: ಜಾಮೀನು

185 ಜಾಮೀನು ಸಿಗುವ ಅಪರಾಧ. ಅಂದರೆ ಜಾಮೀನು ನಿಮ್ಮ ಹಕ್ಕು, ಯಾರದೋ ದಯೆಯಲ್ಲ. ಠಾಣೆಯಲ್ಲೇ ಕೊಡಬಹುದು. ಬಾಂಡ್ ಎಂದರೆ "ಕರೆದ ದಿನ ಬರುತ್ತೇನೆ, ಬರದಿದ್ದರೆ ಇಷ್ಟು ಹಣ ಕಟ್ಟುತ್ತೇನೆ" ಎಂಬ ಬರಹ. ಜಾಮೀನುದಾರ ಎಂದರೆ ನಿಮಗಾಗಿ ಅದೇ ಮಾತು ಕೊಡುವ ಇನ್ನೊಬ್ಬರು. ಅವರ ಆಧಾರ್, ಫೋಟೋ, ಜಮೀನಿದ್ದರೆ ಪಹಣಿ ಕೇಳುವುದು ವಾಡಿಕೆ.

ಜಾಮೀನುದಾರರನ್ನು ಯೋಚಿಸಿ ಆರಿಸಿ. ನೀವು ತಪ್ಪಿಸಿಕೊಂಡರೆ ನೋಟಿಸು ಹೋಗುವುದು ಅವರ ಮನೆಗೆ. ಭಾವನ ಪಹಣಿ ತಂದು, ಆಮೇಲೆ ಗೋವಾಕ್ಕೆ ಕೆಲಸಕ್ಕೆ ಹೋದವನಿಂದ ಎರಡು ಮನೆಗಳ ಮಾತುಕತೆಯೇ ನಿಂತದ್ದು ಉಂಟು.

ಎಷ್ಟೋ ಸಲ ಬಂಧನವೇ ಇರುವುದಿಲ್ಲ. ಕಾಗದ ಕೊಟ್ಟು, ಗಾಡಿ ಇಟ್ಟುಕೊಂಡು, ಮನೆಗೆ ಕಳಿಸುತ್ತಾರೆ. ಹಾಗೆಂದು ಕೇಸು ಹಗುರವಾಗಿಲ್ಲ. ಕೋರ್ಟಿನ ದಾರಿ ಅದೇ.

ಹಂತ 3: ಯಾವ ಕೋರ್ಟು, ಯಾವ ದಿನ

ನಿಮ್ಮ ಮನೆ ಎಲ್ಲಿದೆ ಎನ್ನುವುದು ಲೆಕ್ಕಕ್ಕಿಲ್ಲ. ಎಲ್ಲಿ ಹಿಡಿದರೋ ಅಲ್ಲಿನ ಜೆಎಂಎಫ್‌ಸಿ ಕೋರ್ಟಿಗೆ ಕೇಸು ಹೋಗುತ್ತದೆ. ಜೆಎಂಎಫ್‌ಸಿ ಎಂದರೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯ. ಶಿರಸಿಯವರು ದೇವಿಮನೆ ಘಟ್ಟ ಇಳಿದು ಗೋಕರ್ಣದಲ್ಲಿ ಸಿಕ್ಕಿಬಿದ್ದರೆ ಕುಮಟಾಕ್ಕೆ ಬರಬೇಕು. ಮುರುಡೇಶ್ವರದಲ್ಲಾದರೆ ಭಟ್ಕಳ. ಗೋವಾದಿಂದ ಬರುತ್ತಾ ಗಡಿಯ ಪೊಳೆಂ ದಾಟುವ ಮೊದಲೇ ಅಲ್ಲಿನ ಪೊಲೀಸರು ಹಿಡಿದರೆ ಕೇಸು ಗೋವಾದ ಕೋರ್ಟಿನಲ್ಲೇ ನಡೆಯುತ್ತದೆ. ಅಲ್ಲೂ ಇದೇ ಕಾಯ್ದೆ, ಅದೇ 30 ಮಿಲಿಗ್ರಾಂ.

ದಿನವನ್ನು ಠಾಣೆಯಲ್ಲೇ ಬರೆದುಕೊಡಬಹುದು. ಇಲ್ಲವೇ ಆಮೇಲೆ ಸಮನ್ಸ್ ಬರುತ್ತದೆ. ಸಮನ್ಸ್ ಎಂದರೆ "ಇಂಥ ದಿನ ಬನ್ನಿ" ಎಂಬ ಕೋರ್ಟಿನ ಕರೆ. ಮನೆಗೆ ಬಂದ ಸಮನ್ಸನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಕೇಸೂ ವಾಪಸ್ ಹೋಗುತ್ತದೆ ಎಂದುಕೊಂಡ ಮನೆಗಳಿವೆ. ಹೋಗುವುದಿಲ್ಲ. ಮುಂದೆ ಬರುವುದು ವಾರಂಟು.

ಕೇಸಿಗೆ ಸಿ.ಸಿ. ನಂಬರ್, ಅಂದರೆ ಕೋರ್ಟಿನ ಕೇಸು ನಂಬರ್, ಬಿದ್ದ ಮೇಲೆ ಇ-ಕೋರ್ಟ್ಸ್ ಆಪ್‌ನಲ್ಲಿ ಮುಂದಿನ ದಿನಾಂಕ ಸಿಗುತ್ತದೆ. ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಇದ್ದರೆ ಹುಡುಕುವುದು ಇನ್ನೂ ಸುಲಭ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 4: ಹೋಗುವ ಮುಂಚೆ

ಆಧಾರ್, ಗಾಡಿಯ ಆರ್‌ಸಿ, ಇನ್ಶುರೆನ್ಸ್, ಲೈಸೆನ್ಸ್ ತೆಗೆದುಕೊಂಡಿದ್ದಕ್ಕೆ ಕೊಟ್ಟ ರಸೀದಿ, ಠಾಣೆಯ ಕಾಗದ. ಎಲ್ಲದರ ಎರಡೆರಡು ಜೆರಾಕ್ಸ್. ದಂಡದ ಹಣವೂ ಜೊತೆಗಿರಲಿ. ಹೆಲ್ಮೆಟ್, ಇನ್ಶುರೆನ್ಸ್ ಇಲ್ಲದ್ದು ಕೂಡ ಸೇರಿದ್ದರೆ ಮೊತ್ತ 10,000 ದಾಟುತ್ತದೆ.

ವಕೀಲರು ಬೇಕಾ? ನನ್ನ ಅಭಿಪ್ರಾಯ ಕೇಳಿದರೆ, ಕನಿಷ್ಠ ಒಂದು ಸಲ ಮಾತಾಡಿ. ಟ್ಯಾಕ್ಸಿ, ಲಾರಿ, ಟೆಂಪೋ ಓಡಿಸಿ ಬದುಕುವವರು, ಎರಡನೇ ಸಲ ಸಿಕ್ಕಿಬಿದ್ದವರು, ಗಲ್ಫಿಗೆ ಹೋಗುವವರು, ಸರ್ಕಾರಿ ನೌಕರರು, ಇವರಿಗೆಲ್ಲ ವಕೀಲರು ಬೇಕೇ ಬೇಕು. ವಕಾಲತ್ತು ಎಂದರೆ "ನನ್ನ ಪರವಾಗಿ ಇವರು ನಿಲ್ಲುತ್ತಾರೆ" ಎಂದು ನೀವು ಸಹಿ ಮಾಡುವ ಕಾಗದ. ಖಾಲಿ ಹಾಳೆಗಳಿಗೆ ಸಹಿ ಹಾಕಬೇಡಿ, ವಕಾಲತ್ತಿಗೆ ಹಾಕಿ. ಹಣವಿಲ್ಲದವರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿ ಇರುವವರಿಗೆ ಆದಾಯದ ಮಿತಿಯೂ ಅಡ್ಡ ಬರುವುದಿಲ್ಲ. ಫೋನ್ ನಂಬರ್ 15100.

ಕೋರ್ಟಿನ ಹೊರಗೆ "ಸಾಹೇಬ್ರು ನನಗೆ ಗೊತ್ತು, ಲೈಸೆನ್ಸ್ ಉಳಿಸ್ತೇನೆ" ಎಂದು ಹತ್ತಿರ ಬರುವವರು ಇರುತ್ತಾರೆ. ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ಹಂತ 5: ಕೋರ್ಟಿನ ದಿನ

ಹತ್ತೂವರೆಗೆ ಕೋರ್ಟಿನ ಆವರಣದಲ್ಲಿರಿ. ಮಳೆಗಾಲವಾದರೆ ಹಿಂದಿನ ದಿನವೇ ಬಂದು ಉಳಿಯುವುದು ಒಳ್ಳೆಯದು. ಜೂನ್-ಜುಲೈನಲ್ಲಿ ಘಟ್ಟದಲ್ಲಿ ಧರೆ ಕುಸಿದು ರಸ್ತೆ ಬಂದ್ ಆಗುವುದು ನಮಗೆ ಹೊಸದಲ್ಲ. ನಿಜವಾಗಿಯೂ ಸಿಕ್ಕಿಹಾಕಿಕೊಂಡರೆ ಕೂಡಲೇ ವಕೀಲರಿಗೆ ಫೋನು ಮಾಡಿ. ಅವರು ವಿನಾಯಿತಿ ಅರ್ಜಿ, ಅಂದರೆ "ಇವತ್ತೊಂದು ದಿನ ಇವರ ಹಾಜರಿ ಬಿಟ್ಟುಬಿಡಿ" ಎಂಬ ಕೋರಿಕೆ ಹಾಕುತ್ತಾರೆ. ಫೋನೂ ಇಲ್ಲ, ಆಳೂ ಇಲ್ಲ ಎಂದಾದರೆ ವಾರಂಟಿನ ಆದೇಶ ಆಗಬಹುದು. ಜಾಮೀನಿನ ಮೇಲೆ ಹೊರಗಿದ್ದು ಕಾರಣವಿಲ್ಲದೆ ಬರದಿರುವುದು ತಾನೇ ಒಂದು ಬೇರೆ ಅಪರಾಧ, ಒಂದು ವರ್ಷದವರೆಗೆ ಸಜೆ ಇದೆ. ಕುಡಿದ ಕೇಸಿಗಿಂತ ದೊಡ್ಡದು! ಜೈಲು ನೋಡಿದವರಲ್ಲಿ ಜಾಸ್ತಿ ಜನ ಕುಡಿದದ್ದಕ್ಕಲ್ಲ, ದಿನ ತಪ್ಪಿಸಿದ್ದಕ್ಕೆ ನೋಡಿದವರು ಎಂದು ನನ್ನ ಅನುಭವ.

ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ನಿಮ್ಮ ಹೆಸರು, ನಂಬರು ನೋಡಿ. ಮೊಬೈಲ್ ಬಂದ್ ಮಾಡಿ. ಲುಂಗಿ, ಚಡ್ಡಿ, ಬೀಚಿನ ಅಂಗಿ ಬೇಡ. ಇನ್ನು, ಧೈರ್ಯಕ್ಕೆಂದು ಸ್ವಲ್ಪ ಹಾಕಿಕೊಂಡು ಬಂದವರನ್ನೂ ಕಂಡಿದ್ದೇನೆ, ಅದಕ್ಕೆ ನಾನು ಏನೂ ಹೇಳುವುದಿಲ್ಲ.

ಹೆಸರು ಕೂಗುವವರೆಗೆ ಕಾಯಬೇಕು. ಚಹಾ ಕುಡಿಯಲು ಹೋದಾಗಲೇ ಹೆಸರು ಕೂಗುತ್ತಾರೆ, ಇದು ಎಲ್ಲ ಕೋರ್ಟುಗಳ ಅಲಿಖಿತ ನಿಯಮ. ಹೊರಗೆ ಹೋಗುವಾಗ ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ ಹೋಗಿ.

ಹಂತ 6: ಆ ಒಂದು ಪ್ರಶ್ನೆ

ಇಡೀ ಲೇಖನದಲ್ಲಿ ಇದೊಂದನ್ನು ಎರಡು ಸಲ ಓದಿ.

ಕಟಕಟೆಯಲ್ಲಿ ನಿಂತ ಮೇಲೆ ನಿಮ್ಮ ಮೇಲಿನ ಆರೋಪ ಏನು ಎಂದು ಓದಿ ಹೇಳುತ್ತಾರೆ. ನಂತರ ಕೇಳುತ್ತಾರೆ: "ತಪ್ಪು ಒಪ್ಪಿಕೊಳ್ಳುತ್ತೀರಾ?" ಇದಕ್ಕೆ ಪ್ಲೀ ಎನ್ನುತ್ತಾರೆ. ಇಡೀ ಕೇಸಿನ ಭಾರ ಆ ಅರ್ಧ ನಿಮಿಷದ ಮೇಲೆ ನಿಂತಿರುತ್ತದೆ.

ಬಹಳ ಜನ "ಹೌದು ಸಾರ್, ತಪ್ಪಾಯ್ತು" ಎಂದುಬಿಡುತ್ತಾರೆ. ಹಾಗೆ ಹೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕುಡಿದು ಓಡಿಸಿದ್ದು ನಿಜವಾದರೆ ಒಪ್ಪಿಕೊಳ್ಳುವುದೇ ನೇರ ದಾರಿ. ಆದರೆ ಏನನ್ನು ಒಪ್ಪುತ್ತಿದ್ದೀರಿ ಎಂದು ಗೊತ್ತಿರಬೇಕು ಅಲ್ವಾ? ಒಪ್ಪಿದರೆ ಅದು ಕ್ಷಮೆ ಕೇಳಿದ ಹಾಗಲ್ಲ. ಅದು ಅಪರಾಧ ಸಾಬೀತಾದ ಹಾಗೆ. ಕಾಯ್ದೆಯ 20ನೇ ಕಲಂ ಪ್ರಕಾರ, 185ರಲ್ಲಿ ಶಿಕ್ಷೆಯಾದವರನ್ನು ಕೋರ್ಟು ಲೈಸೆನ್ಸಿಗೆ ಅನರ್ಹ ಮಾಡಬೇಕು, ಅದೂ ಕಡಿಮೆಯೆಂದರೆ ಆರು ತಿಂಗಳು. ಅನರ್ಹ ಎಂದರೆ ಆ ಅವಧಿಯಲ್ಲಿ ನಿಮ್ಮ ಲೈಸೆನ್ಸಿಗೆ ಬೆಲೆ ಇಲ್ಲ, ಹೊಸದನ್ನು ತೆಗೆಯುವಂತೆಯೂ ಇಲ್ಲ.

ಟೆಂಪೋ ಓಡಿಸುವ ಒಬ್ಬರು ಬೆಳಿಗ್ಗೆ ಹನ್ನೊಂದೂವರೆಗೆ ಒಪ್ಪಿಕೊಂಡು, ದಂಡ ಕಟ್ಟಿ, ನಗುತ್ತಾ ಹೋದರು. ಮೂರು ಗಂಟೆಗೆ ವಾಪಸ್ ಬಂದು ನನ್ನ ಟೇಬಲ್ ಮುಂದೆ ನಿಂತು "ದಂಡ ಕಟ್ಟಿದ್ದೇನಲ್ಲ, ಲೈಸೆನ್ಸ್ ಯಾಕೆ?" ಎಂದರು. ಆ ಪ್ರಶ್ನೆಯನ್ನು ಹನ್ನೊಂದು ಗಂಟೆಗೆ ಕೇಳಬೇಕಿತ್ತು.

ಇನ್ನೂ ಎರಡು ವಿಷಯ. ಭಟ್ಕಳ, ಹೊನ್ನಾವರದ ಕಡೆಯಿಂದ ಗಲ್ಫಿಗೆ ಹೋಗುವವರು, ಹಡಗಿನ ಕೆಲಸದವರು ಪಾಸ್‌ಪೋರ್ಟ್ ಅರ್ಜಿಯಲ್ಲಿ ಕೋರ್ಟಿನಲ್ಲಿರುವ ಕ್ರಿಮಿನಲ್ ಕೇಸನ್ನು ಹೇಳಲೇಬೇಕು. ಕೇಸು ಬಾಕಿ ಇರುವಾಗ ಪಾಸ್‌ಪೋರ್ಟ್ ನವೀಕರಣಕ್ಕೆ ಕೋರ್ಟಿನ ಅನುಮತಿ ಬೇಕಾಗಬಹುದು. ಹಾಗಾಗಿ ಕೆಲವರಿಗೆ ಕೇಸು ಎಳೆಯುವುದೇ ಒಪ್ಪಿಕೊಳ್ಳುವುದಕ್ಕಿಂತ ದುಬಾರಿ. ಇನ್ನು ಕೆಲವರಿಗೆ ಶಿಕ್ಷೆಯಾಯಿತು ಎಂಬ ದಾಖಲೆಯೇ ದುಬಾರಿ. ನಿಮ್ಮದು ಯಾವುದು ಎಂದು ಕಟಕಟೆಗೆ ಹತ್ತುವ ಮೊದಲೇ ತೀರ್ಮಾನಿಸಿ.

ಗಾಬರಿಯಾಗಿದ್ದರೆ, ಓದಿದ್ದು ಅರ್ಥವಾಗದಿದ್ದರೆ, "ವಕೀಲರ ಹತ್ತಿರ ಮಾತಾಡಲು ಸಮಯ ಕೊಡಿ ಸ್ವಾಮಿ" ಎಂದು ಕೇಳಿ. ಹಾಗೆ ಕೇಳಿದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಕೊಂಕಣಿಯೇ ಸಲೀಸು ಎನ್ನುವ ಹಿರಿಯರು ಅದನ್ನೂ ಹೇಳಲಿ. ಸುಮ್ನೆ ತಲೆ ಅಲ್ಲಾಡಿಸಬೇಡಿ.

ಹಂತ 7: ಒಪ್ಪಿಕೊಂಡರೆ

ನ್ಯಾಯಾಧೀಶರು ನಿಮ್ಮ ಮಾತನ್ನು ಬರೆಸಿಕೊಂಡು, ಅಲ್ಲೇ ಶಿಕ್ಷೆ ಹೇಳಬಹುದು. ಮೊದಲ ಸಲ, ಅಪಘಾತವಿಲ್ಲ, ಪೊಲೀಸರ ಜೊತೆ ಜಗಳವಿಲ್ಲ ಎಂದಾದರೆ ಹೆಚ್ಚಾಗಿ ದಂಡಕ್ಕೆ ಮುಗಿಯುವುದನ್ನು ನೋಡಿದ್ದೇನೆ. ಖಾತ್ರಿ ಮಾತ್ರ ಇಲ್ಲ. ಶಿಕ್ಷೆ ಹೇಳುವ ಮುಂಚೆ ಮನೆಯ ಪರಿಸ್ಥಿತಿ, ಇದು ಮೊದಲ ಸಲ ಎನ್ನುವುದನ್ನು ಚುಟುಕಾಗಿ ಹೇಳಿಕೊಳ್ಳಬಹುದು. ಅಳಬೇಡಿ, ಕಾಲಿಗೆ ಬೀಳಬೇಡಿ.

ಕೆಲವೊಮ್ಮೆ "ಕೋರ್ಟು ಏಳುವ ತನಕ ಸಜೆ" ಎಂದೂ ಹೇಳುತ್ತಾರೆ. ಆ ದಿನದ ಕಲಾಪ ಮುಗಿಯುವವರೆಗೆ ಅಲ್ಲೇ ಕೂತಿರಬೇಕು. ಅಷ್ಟೇನಾ ಎಂದು ನಗಬೇಡಿ, ಕಾಗದದಲ್ಲಿ ಅದೂ ಸಜೆಯೇ.

ದಂಡ ಕಟ್ಟದಿದ್ದರೆ ಎಷ್ಟು ದಿನ ಸಜೆ ಎಂದು ಆದೇಶದಲ್ಲೇ ಇರುತ್ತದೆ. ಹಣ ಕಟ್ಟಿದ ಮೇಲೆ ರಸೀದಿಯಲ್ಲಿ ಹೆಸರು, ಕೇಸು ನಂಬರು ಸರಿಯಿದೆಯೇ ನೋಡಿ. ಆದೇಶದ ದೃಢೀಕೃತ ನಕಲಿಗೆ, ಅಂದರೆ ಕೋರ್ಟಿನ ಸೀಲು ಇರುವ ಪ್ರತಿಗೆ, ಅದೇ ದಿನ ಅರ್ಜಿ ಹಾಕಿ. ಆರು ತಿಂಗಳು ಬಿಟ್ಟು ಬಂದು ಹುಡುಕಿಸುವುದು ನಿಮಗೂ ಕಷ್ಟ, ಗುಮಾಸ್ತರಿಗೂ ಕಷ್ಟ.

ಒಮ್ಮೆ ಒಪ್ಪಿಕೊಂಡ ಮೇಲೆ "ನಾನು ಕುಡಿದೇ ಇರಲಿಲ್ಲ" ಎಂದು ಮೇಲ್ಮನವಿ ಹಾಕಲು ಸಾಮಾನ್ಯವಾಗಿ ಆಗುವುದಿಲ್ಲ.

ಹಂತ 8: ಒಪ್ಪದಿದ್ದರೆ

ವಿಚಾರಣೆ ನಡೆಯುತ್ತದೆ. ಎಪಿಪಿ, ಅಂದರೆ ಸರ್ಕಾರದ ಪರ ವಾದಿಸುವ ವಕೀಲರು, ಹಿಡಿದ ಪೊಲೀಸರನ್ನು, ಪರೀಕ್ಷಿಸಿದ ಡಾಕ್ಟರನ್ನು, ಸಾಕ್ಷಿಗಳನ್ನು ಕರೆಸುತ್ತಾರೆ. ನಿಮ್ಮ ವಕೀಲರು ಪಾಟಿ ಸವಾಲು ಮಾಡುತ್ತಾರೆ, ಅಂದರೆ ಆ ಸಾಕ್ಷಿಗಳನ್ನು ತಿರುಗಿ ಪ್ರಶ್ನಿಸುತ್ತಾರೆ. ಮಿಷಿನ್ನಿನ ಚೀಟಿ ಇದೆಯೇ, ಅದರಲ್ಲಿ ದಿನ ಮತ್ತು ಸಮಯ ಸರಿ ಇದೆಯೇ, ಮಿಷಿನ್ನನ್ನು ತಪಾಸಣೆ ಮಾಡಿಸಿದ ದಾಖಲೆ ಇದೆಯೇ, ಗಾಡಿ ಓಡಿಸುತ್ತಿದ್ದವರು ನೀವೇ ಎಂಬುದಕ್ಕೆ ಏನಿದೆ ಎಂಬ ಪ್ರಶ್ನೆಗಳು ಇಲ್ಲಿ ಬರುತ್ತವೆ. ಬಾಯಿ ವಾಸನೆ ಬರುತ್ತಿತ್ತು ಎಂಬುದು 185ಕ್ಕೆ ಸಾಲುವುದಿಲ್ಲ, ಪರೀಕ್ಷೆಯ ಅಂಕಿ ಬೇಕು.

ಆದರೆ ಇದಕ್ಕೆ ಹಲವು ಮುದ್ದತ್ತುಗಳು, ಅಂದರೆ ಹಲವು ದಿನಾಂಕಗಳು ಬೇಕು. ಪ್ರತಿ ಮುದ್ದತ್ತಿಗೂ ಬಸ್ ಚಾರ್ಜು, ಒಂದು ದಿನದ ದುಡಿಮೆ, ವಕೀಲರ ಫೀಸು. ನಿಜವಾಗಿಯೂ ಹೇಳಲು ವಿಷಯವಿದ್ದರೆ ಹೋರಾಡಿ. ಬರೀ ದಿನ ದೂಡಲು ಬೇಡ.

ಸೋತರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು, 30 ದಿನದೊಳಗೆ.

ಹಂತ 9: ಗಾಡಿ

ಗಾಡಿ ಠಾಣೆಯಲ್ಲಿದ್ದರೆ ಆರ್‌ಸಿ, ಇನ್ಶುರೆನ್ಸ್ ಹಿಡಿದುಕೊಂಡು ಹೋಗಿ. ಪೊಲೀಸರು ಕೇಳಿದರೆ ಕೋರ್ಟಿನಿಂದ ಬಿಡುಗಡೆ ಆದೇಶ ತರಬೇಕಾಗುತ್ತದೆ. ಅದಕ್ಕೆ ಕೇಸು ಮುಗಿಯುವವರೆಗೆ ಕಾಯಬೇಕಾಗಿಲ್ಲ, ಮಧ್ಯದಲ್ಲೇ ಅರ್ಜಿ ಹಾಕಬಹುದು. ಬೇಗ ಬಿಡಿಸಿ. ಕರಾವಳಿಯ ಉಪ್ಪುಗಾಳಿ, ಮಳೆಯಲ್ಲಿ ನಿಂತ ಬೈಕಿನ ಚೈನು ಎಷ್ಟು ದಿನ ಬಾಳುತ್ತದೆ ಎಂದು ನಿಮಗೇ ಗೊತ್ತು. ತರಲು ಹೋಗುವಾಗ ಲೈಸೆನ್ಸ್ ಇರುವ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ನೀವೇ ಓಡಿಸಿಕೊಂಡು ಬಂದರೆ ಅದು ಇನ್ನೊಂದು ಕೇಸು.

ಗಾಡಿ ಇನ್ನೊಬ್ಬರದಾ? ಓಡಿಸುವವರು ಕುಡಿದಿದ್ದಾರೆ ಎಂದು ಗೊತ್ತಿದ್ದೂ ಕೀ ಕೊಟ್ಟು ಕಳಿಸಿದವರಿಗೂ ಅದೇ ಶಿಕ್ಷೆ ಬರಬಹುದು. ಪ್ರಚೋದನೆ, ಕುಮ್ಮಕ್ಕು ಎಂದು 188ನೇ ಕಲಂ ಇದೆ.

ಹಂತ 10: ಆರ್‌ಟಿಒ

ಕೋರ್ಟು ಮುಗಿಯಿತು ಎಂದು ಮಲಗಬೇಡಿ. ಪೊಲೀಸರು ಕಳಿಸಿದ ಲೈಸೆನ್ಸು ಆರ್‌ಟಿಒ ಕಚೇರಿಯಲ್ಲಿ ತನ್ನದೇ ದಾರಿಯಲ್ಲಿ ಹೋಗುತ್ತಿರುತ್ತದೆ. ಅಲ್ಲಿಂದ ನಿಮಗೆ ನೋಟಿಸು ಬರಬೇಕು, ನಿಮ್ಮ ಮಾತು ಕೇಳಬೇಕು. ಆಮೇಲೆ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹ ಮಾಡಬಹುದು. ಎರಡನೇ ಸಲವಾದರೆ ಲೈಸೆನ್ಸೇ ರದ್ದಾಗಬಹುದು. ಕೋರ್ಟಿನ ಆರು ತಿಂಗಳು ಬೇರೆ, ಇದು ಬೇರೆ. ನೋಟಿಸಿಗೆ ಉತ್ತರ ಕೊಡದೆ ಕೂತರೆ ನಿಮ್ಮ ಮಾತಿಲ್ಲದೆಯೇ ಆದೇಶ ಆಗುತ್ತದೆ. ಲೈಸೆನ್ಸಿನಲ್ಲಿ ಹಳೇ ವಿಳಾಸವಿದ್ದರೆ ನೋಟಿಸು ಹಳೇ ಮನೆಗೇ ಹೋಗುತ್ತದೆ, ಅದನ್ನು ಮೊದಲು ಸರಿಮಾಡಿಸಿ.

ಕೆಎ 30 ಕಾರವಾರ, ಕೆಎ 31 ಶಿರಸಿ, ಕೆಎ 47 ಹೊನ್ನಾವರ, ಕೆಎ 65 ದಾಂಡೇಲಿ. ಆದರೆ ನೋಡಬೇಕಾದದ್ದು ಗಾಡಿಯ ನಂಬರ್ ಪ್ಲೇಟನ್ನಲ್ಲ, ಲೈಸೆನ್ಸ್ ಕೊಟ್ಟ ಕಚೇರಿಯನ್ನು.

ಅನರ್ಹತೆಯ ಅವಧಿಯಲ್ಲಿ ಗಾಡಿ ಓಡಿಸಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. "ಮನೆಯಿಂದ ಗದ್ದೆಗೆ ಮಾತ್ರ" ಎಂಬ ವಿನಾಯಿತಿ ಇಲ್ಲ. ಅವಧಿ ಮುಗಿದ ಮೇಲೆ ಲೈಸೆನ್ಸ್ ವಾಪಸ್ ಕೇಳಲು ಹೋಗುವಾಗ ಮೊದಲ ದಿನ ಪೊಲೀಸರು ಕೊಟ್ಟ ರಸೀದಿ, ದಂಡ ಕಟ್ಟಿದ ರಸೀದಿ, ಕೋರ್ಟಿನ ಸೀಲು ಇರುವ ಆದೇಶದ ಪ್ರತಿ, ಮೂರನ್ನೂ ತೆಗೆದುಕೊಂಡು ಹೋಗಿ. ಬಸ್ಸಿನಲ್ಲಿ.